ಅತ್ತೆ ಕಾಯ್ದ ಸರ್ವರ್

ಮನೆಯ ಕಡತಗಳು ತಾವು ಎಲ್ಲಿದ್ದರೂ ಕೈಗೆ ಸಿಗಬೇಕು, ಕಳ್ಳ ಮಾತ್ರ ಇಣುಕಲೂ ಕೂಡದು ಎಂದು ನಮ್ಮ ಗುಮಾಸ್ತ ಘನಘೋರ ಶಪಥ ಮಾಡಿದ. ಅರ್ಧ ಜಿಬಿ ಮೆಮೊರಿಯ, ಅಂಗೈ ಅಗಲದ ಸರ್ವರ್ ಒಂದು ಫ್ರಿಜ್ಜಿನ ಮೇಲೆ ಪಟ್ಟಕ್ಕೇರಿತು. ಆಸಾಮಿ ಎಂಥವನೆಂದರೆ, ಮನೆಯಲ್ಲಿ ಏನೇ ಕೆಟ್ಟರೂ ತಪ್ಪು ಕೆಟ್ಟ ವಸ್ತುವಿನದೇ, ತನ್ನದೆಂದು ಒಪ್ಪಿದವನಲ್ಲ.

ಹೆಂಡತಿ ಅಡುಗೆಮನೆಗಳ ನಕ್ಷೆ ಬರೆಯುವವಳು. ಬಹಳ ಕಾಲ ಖಾಲಿ ಕೂತ ಮೇಲೆ ಈಗೊಂದು ದೊಡ್ಡ ಕೆಲಸ ಸಿಗುವುದರಲ್ಲಿತ್ತು.

"ನಕ್ಷೇನ ಪೆನ್ ಡ್ರೈವ್‌ಗೆ ಹಾಕ್ಕೊಂಡು ಹೋಗ್ತೀನಿ ರೀ."

"ಯಾವ ಕಾಲದಲ್ಲಿದ್ದೀಯೇ? ಅಲ್ಲೇ ಕೂತು ಮೊಬೈಲಲ್ಲಿ ನಮ್ಮ ಸರ್ವರ್ ತೆಗಿ. ನಾನಿಲ್ವಾ?"

ಜೊತೆಯಲ್ಲೇ ಇದ್ದ ಹೆಂಡತಿಯ ತಾಯಿ, ಅತ್ತೆಗೂ ಪಾಠವಾಯಿತು. "ಈ ಸರ್ವರ್ ಸ್ವಿಚ್ ಮುಟ್ಬೇಡಿ. ನಾನೇ ಫೋನ್ ಮಾಡಿ ಹೇಳಿದ್ರೂ ನಂಬಬೇಡಿ. ಈಗಿನ ಕಳ್ಳರು ಯಾರ ದನೀಲಿ ಬೇಕಾದ್ರೂ ಮಾತಾಡ್ತಾರೆ, ನಂಬರೂ ನಮ್ಮದೇ ಕಾಣುತ್ತೆ."

ಮರುದಿನ ಹೆಂಡತಿ ಕೆಲಸ ಕೊಡುವವರಿಗೆ ನಕ್ಷೆ ತೋರಿಸಲು ಹೊರಟಳು. ಕಚೇರಿಯಲ್ಲಿ ಕೂತವನ ಕೈ ಸುಮ್ಮನಿರಬೇಕಲ್ಲ! ಭದ್ರತೆ ಇನ್ನಷ್ಟು ಬಿಗಿಯಾಗಲೆಂದು ಅಲ್ಲಿಂದಲೇ ಸರ್ವರಿಗೆ ಎರಡು ಆಜ್ಞೆ ಕೊಡಲು ಕೂತ: ಎಲ್ಲ ಬಾಗಿಲೂ ಮುಚ್ಚು, ನಮ್ಮಿಬ್ಬರಿಗೆ ಮಾತ್ರ ತೆರೆ. ಮೊದಲನೆಯದನ್ನು ಸರ್ವರ್ ಶಿರಸಾವಹಿಸಿ ಪಾಲಿಸಿತು. ಎರಡನೆಯದನ್ನು ಹೇಳಲು ಅವನಿಗೂ ಬಾಗಿಲು ಉಳಿದಿರಲಿಲ್ಲ.

ಹೆಂಡತಿಯ ಫೋನು ಬಂತು. "ರೀ, ನಕ್ಷೆ ಓಪನ್ ಆಗ್ತಾನೇ ಇಲ್ಲ. ಅವರು ಕಾಯ್ತಾ ಕೂತಿದ್ದಾರೆ."

ಸರ್ವರನ್ನು ಒಮ್ಮೆ ಆರಿಸಿ ಹಾಕಿದರೆ ಎಲ್ಲ ಮೊದಲಿನಂತಾಗುತ್ತಿತ್ತು. ಅವನು ಮನೆಗೆ ಫೋನ್ ಮಾಡಿದ.

"ಅತ್ತೆ, ಆ ಸ್ವಿಚ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಯಾರಪ್ಪಾ ನೀನು?"

"ನಾನು ಅತ್ತೆ, ನಿಮ್ಮ ಅಳಿಯ."

"ಹೀಗೇ ಅಂತೀಯ ಅಂತ ನಮ್ಮ ಅಳಿಯಂದ್ರು ಮೊದಲೇ ಹೇಳಿದ್ದಾರೆ."

ಗೋಗರೆದ. "ತಪ್ಪೆಲ್ಲ ನಂದೇ ಅತ್ತೆ, ನಿಮ್ಮ ಮಗಳ ಕೆಲಸ ಹೋಗುತ್ತೆ" ಎಂದು ಅಳುವುದೊಂದು ಬಾಕಿ. ಫೋನ್ ಕಟ್ಟಾಯಿತು. ಮಗಳು ಮಾಡಿದ ಫೋನಿಗೂ ಅದೇ ಗತಿ.

ಬಿದ್ದಂಬೀಳ ಮನೆಗೆ ಓಡಿ ಬಂದರೆ ಹೆಂಡತಿ ಆಗಲೇ ಬಂದು ಕೂತಿದ್ದಳು, ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

"ಬೇರೆಯವರಿಗೆ ಕೊಡ್ತಾರಂತೆ," ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಂದು ಪೆನ್ ಡ್ರೈವ್ ಸಾಕಾಗಿತ್ತಲ್ಲ ಎಂದು ಅವನಿಗೆ ಈಗ ಹೊಳೆಯಿತು.

ಅಷ್ಟರಲ್ಲಿ ಅತ್ತೆ ಗೆದ್ದ ಮುಖ ಹೊತ್ತು ಬಂದರು.

"ಅಳಿಯಂದ್ರೇ, ಥೇಟ್ ನಿಮ್ಮ ದನೀಲೇ ಒಬ್ಬ ಫೋನ್ ಮಾಡಿದ್ದ. ಒಂದು ಗಳಿಗೆ ನಾನೂ ನಂಬಿದ್ದೆ."

"ಮತ್ತೆ?" ಎಂದ ಅವನು.

"'ತಪ್ಪೆಲ್ಲ ನಂದೇ' ಅಂದ್ಬಿಟ್ಟ ನೋಡಿ, ಅಲ್ಲೇ ಸಿಕ್ಕಿಬಿದ್ದ. ನಮ್ಮ ಅಳಿಯಂದ್ರ ಬಾಯಲ್ಲಿ ಆ ಮಾತು ಬರೋದುಂಟಾ?"