ಅರ್ಧ ನಿಮಿಷದ ಶೂರ

ಹೆಬ್ಬಗೋಡಿಯಿಂದ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಗೆ ದಿನವೂ ಸೈಕಲ್ ತುಳಿಯುವವನಿಗೆ ಅರ್ಧ ನಿಮಿಷ ಪೆಡಲ್ ತುಳಿಯುವುದು ಒಂದು ಕೆಲಸವೇ? ಹಾಗಂತ ನಾನು ನಂಬಿದ್ದೆ.

ನಮ್ಮ ಮನೆಯಲ್ಲೇ ಇದ್ದು ಕ್ರೀಡಾ ತರಬೇತಿ ಓದುತ್ತಿದ್ದ ತಂಗಿಯ ಮಗಳು ರೂಪಾಗೆ ಅಂದು ಕೊನೆಯ ಪ್ರಾಕ್ಟಿಕಲ್. ಪಾಸಾದರೆ ವರ್ತೂರಿನ ಶಾಲೆಯೊಂದರಲ್ಲಿ ಕೋಚ್ ಕೆಲಸ ಕಾದಿತ್ತು. ಆಟಗಾರನೊಬ್ಬನನ್ನು ನಿಂತಲ್ಲೇ ನಿಲ್ಲುವ ಸೈಕಲ್ಲಿಗೆ ಹತ್ತಿಸಿ, ಚಕ್ರಕ್ಕೆ ಭಾರ ಹಾಕಿ, ಅರ್ಧ ನಿಮಿಷ ಶಕ್ತಿಮೀರಿ ತುಳಿಸಬೇಕು. ಕಾಲಿನ ಬಲ ಎಷ್ಟು ಏರಿತು, ಸುಸ್ತಾಗಿ ಎಷ್ಟು ಬೇಗ ಇಳಿಯಿತು ಎಂದು ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತದೆ. ಬರಬೇಕಿದ್ದ ಕಬಡ್ಡಿ ಆಟಗಾರನಿಗೆ ಬೆಳಿಗ್ಗೆಯೇ ಜ್ವರ!

"ನಾನಿಲ್ವೇನೇ?" ಎಂದೆ.

"ರೀ, ಸುಮ್ನಿರಿ. ಅದು ಹುಡುಗ್ರು ಮಾಡೋದು," ಎಂದಳು ಹೆಂಡತಿ ಸುಧಾ.

"ಬೇಡ ಮಾವ, ಕ್ಲಾಸಲ್ಲಿ ಯಾರನ್ನಾದ್ರೂ ಕೇಳ್ತೀನಿ," ಎಂದಳು ರೂಪಾ.

ಇಬ್ಬರ ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಹೊರಟೇಬಿಟ್ಟೆ.

ಪರೀಕ್ಷಕರ ಮುಂದೆ ರೂಪಾ ಬಿಡಿಸಿ ಹೇಳಿದಳು: "ಶುರುವಿನಿಂದ್ಲೇ ಪೂರ್ತಿ ಜೋರಾಗಿ ತುಳೀಬೇಕು ಮಾವ. ಕೊನೇಗೆ ಅಂತ ಉಳಿಸ್ಕೋಬಾರ್ದು."

ಗಂಭೀರವಾಗಿ ತಲೆಯಾಡಿಸಿದೆ. ಆದರೆ ನಾನು ಅನುಭವಸ್ಥ! ಮೊದಮೊದಲು ದಿಬ್ಬಣದ ಗಾಡಿಯಂತೆ ನಿಧಾನವಾಗಿ ತುಳಿದು, ಕೊನೆಯಲ್ಲಿ ಭೋರ್ಗರೆದೆ. ಇಳಿಯಬೇಕಿದ್ದ ಗೆರೆ ಏರಿತು. ನನಗೆ ಆಯಾಸವೆಂಬುದೇ ಇಲ್ಲ ಎಂದು ವಿಜ್ಞಾನವೇ ಘೋಷಿಸಿತ್ತು! ಎರಡೂ ಕೈ ಎತ್ತಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಇದು ಲೆಕ್ಕಕ್ಕೆ ಬರಲ್ಲಮ್ಮ," ಎಂದರು ಪರೀಕ್ಷಕರು. ರೂಪಾಳ ಕಣ್ಣು ತುಂಬಿತು.

"ಸಾರ್, ಇನ್ನೊಂದ್ಸಲ ತುಳೀತೀನಿ!" ಎಂದು ಅಂಗಲಾಚಿದೆ. ಸ್ವಲ್ಪ ಹೊತ್ತು ಕೂರಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಈ ಸಲ ಮೊದಲ ಕ್ಷಣದಿಂದಲೇ ಹುಚ್ಚನಂತೆ ತುಳಿದೆ. ತೊಡೆಗಳಿಗೆ ಬೆಂಕಿ ಬಿತ್ತು. ಕಾಲುಗಳು ಯಾರದೋ ಅನ್ನಿಸಿತು. ಅಷ್ಟರಲ್ಲಿ ಬೆಳಗಿನ ಉಪ್ಪಿಟ್ಟು ತಾನೂ ಪರೀಕ್ಷಕರ ಮುಂದೆ ಹಾಜರಾಗಲು ನಿರ್ಧರಿಸಿತು.

ಕೀಬೋರ್ಡಿನ ಮೇಲೆ ಹಾಜರಾಯಿತು!

ಕಂಪ್ಯೂಟರ್ ಕಣ್ಣು ಮುಚ್ಚಿತು. ರೂಪಾಳ ಪರೀಕ್ಷೆ ಮುಂದಿನ ತಿಂಗಳಿಗೆ ಹೋಯಿತು. ಶಾಲೆಯವರು ಅಲ್ಲಿಯವರೆಗೆ ಕಾಯುವುದಿಲ್ಲ ಎಂದು ಅಲ್ಲಿಂದಲೇ ಫೋನ್ ಮಾಡಿ ತಿಳಿದುಕೊಂಡಳು. ಆಮೇಲೆ ಬಟ್ಟೆ ತಂದು ನೆಲ ಒರೆಸಿದಳು. ಬಗ್ಗಿ ಸಹಾಯ ಮಾಡೋಣವೆಂದರೆ ನನ್ನ ಮೊಣಕಾಲು ಮಡಚಲಿಲ್ಲ.

ಅವಳ ಭುಜ ಹಿಡಿದೇ ಬಸ್ ಸ್ಟಾಪಿಗೆ ಬಂದೆ. "ತಪ್ಪಾಯ್ತು ಕಣೇ," ಎಂದೆ.

"ಇರ್ಲಿ ಬಿಡಿ ಮಾವ. ಕಾಲು ತುಂಬಾ ನೋಯ್ತಿದ್ಯಾ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊಸೂರು ರೋಡಿನ ಬಸ್ಸು ಕಿಕ್ಕಿರಿದಿತ್ತು. ಕಂಬ ಹಿಡಿದು ನಡುಗುತ್ತಿದ್ದ ನನ್ನನ್ನು ನೋಡಿ, ಸೊಪ್ಪಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ಎದ್ದು ನಿಂತರು.

"ಬಾ, ಕುಂತ್ಕೊಳಪ್ಪ. ನಾನು ಗಟ್ಟಿಮುಟ್ಟಾಗಿವ್ನಿ."

ಕೂತೆ.