ಕಾರ್ಕಳದ ಬಸ್ಸಿನಲ್ಲಿ ‘ತುಕ್ಕು’

ಅಭಿಪ್ರಾಯ ಕೇಳುವವರನ್ನು ಕಂಡರೆ ನನಗೆ ಈಗೀಗ ಸುಸ್ತಾಗುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಬೆಳಗ್ಗಿನಿಂದ ಸಂಜೆಯವರೆಗೆ ಮಾಡುವುದೇ ಅಭಿಪ್ರಾಯ ಕೊಡುವ ಕೆಲಸ. ಪ್ರಬಂಧದ ಕೊನೆಗೆ ‘ಪರವಾಗಿಲ್ಲ’ ಎಂದು ಬರೆಯಬೇಕು, ಕೈಬರಹದ ಕೆಳಗೆ ‘ಸುಧಾರಿಸಬೇಕು’ ಎಂದು ಬರೆಯಬೇಕು, ಸಿಬ್ಬಂದಿ ಸಭೆಯಲ್ಲಿ ವಾರ್ಷಿಕೋತ್ಸವದ ಶಾಮಿಯಾನಾದ ಬಣ್ಣದ ಬಗ್ಗೆಯೂ ಏನಾದರೊಂದು ಹೇಳಬೇಕು. ಮನೆಗೆ ಬಂದ ಮೇಲಾದರೂ ಯಾವುದರ ಬಗ್ಗೆಯೂ ಏನೂ ಅನಿಸದೆ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ ಎಂದರೆ, ಚಹಾದ ಲೋಟ ಬಾಯಿಗೆ ಮುಟ್ಟುವ ಮೊದಲೇ ನಮ್ಮವರು ಕೇಳುತ್ತಾರೆ, “ನಾಲ್ಕನೇ ಹಾಡಿನಲ್ಲಿ ಗಿಟಾರ್ ಸ್ವಲ್ಪ ಜಾಸ್ತಿ ಆಯಿತು ಅಂತ ಕಾಣ್ತದಾ ನಿನಗೆ?” ನಾಲ್ಕನೆಯದು ಯಾವುದು, ಐದನೆಯದು ಯಾವುದು ಎಂದು ನನಗೆ ಇವತ್ತಿನವರೆಗೆ ಗೊತ್ತಾಗಿಲ್ಲ. ಮೊದಲನೆಯದು ಶುರುವಾಗುವುದು ಗೊತ್ತಾಗುತ್ತದೆ. ಕೊನೆಯದು ಮುಗಿಯುವುದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮವರ ಹೆಸರು ವಿಲ್ಫ್ರೆಡ್. ಕಾಪು ಪೇಟೆಯಲ್ಲಿ ಬಸ್ಸು, ಲಾರಿಗಳ ವೈರಿಂಗ್ ಮಾಡುವ ಅಂಗಡಿ ಇಟ್ಟಿದ್ದಾರೆ. ಬ್ಯಾಟರಿ, ಹಾರ್ನ್, ಹೆಡ್‌ಲೈಟ್, ಅದಕ್ಕಿಂತ ಹೆಚ್ಚಾಗಿ ಬಸ್ಸುಗಳಿಗೆ ಸ್ಪೀಕರ್ ಕೂರಿಸುವುದು ಅವರ ಕಸುಬು. ಈ ಕಡೆ ಓಡಾಡುವ ಖಾಸಗಿ ಬಸ್ಸಿನಲ್ಲಿ ಕುಳಿತು ನಿಮಗೆ ಕಿವಿ ನೋವಾಗಿದ್ದರೆ ಅದರಲ್ಲಿ ನಮ್ಮ ಮನೆಯ ಪಾಲೂ ಇರಬಹುದು, ಕ್ಷಮಿಸಿ. ನಮ್ಮ ಮದುವೆಯ ಮಾತುಕತೆಯಲ್ಲಿ “ಹುಡುಗ ಚರ್ಚಿನಲ್ಲಿ ಗಿಟಾರ್ ಬಾರಿಸುತ್ತಾನೆ” ಎಂದು ಹೇಳಿದ್ದರು. ನನ್ನ ಅಮ್ಮ ಅದನ್ನು ದೈವಭಕ್ತಿ ಎಂದು ತಿಳಿದುಕೊಂಡಳು. ಮದುವೆಯಾಗಿ ಬಂದ ಮೇಲೆ ತಿಳಿಯಿತು, ಗಾಯನ ಮಂಡಳಿಯವರು ಇವರಿಗೆ ಮೆಲ್ಲಗೆ ಬಾರಿಸು, ಇನ್ನೂ ಮೆಲ್ಲಗೆ ಬಾರಿಸು ಎಂದು ಹೇಳಿ ಹೇಳಿ ಕೊನೆಗೆ ಪೂಜೆ ಮುಗಿದ ಮೇಲೆ ಕುರ್ಚಿ ಜೋಡಿಸುವ ಜವಾಬ್ದಾರಿ ಕೊಟ್ಟಿದ್ದರಂತೆ. ಆ ಗಿಟಾರಿನ ಸಿಟ್ಟೆಲ್ಲ ಹಾಗೆಯೇ ಉಳಿದು, ಐವತ್ತರ ಹತ್ತಿರ ಬಂದಾಗ ರಾಕ್ ಬ್ಯಾಂಡ್ ಆಗಿ ಹೊರಗೆ ಬಂತು.

ಬ್ಯಾಂಡಿನಲ್ಲಿ ಮೂರು ಜನ. ಹಾಡು ಮತ್ತು ಗಿಟಾರ್ ನಮ್ಮವರದು. ಡ್ರಮ್ ಬಾರಿಸುವವರು ಮಲ್ಪೆಯಲ್ಲಿ ಬೋಟುಗಳಿಗೆ ಐಸ್ ಕೊಡುವ ಸುಧಾಕರಣ್ಣ. ದಪ್ಪ ತಂತಿಯ ಬೇಸ್ ಗಿಟಾರ್ ಮಣಿಪಾಲದಲ್ಲಿ ಪಾಠ ಮಾಡುವ ಒಬ್ಬ ಪ್ರೊಫೆಸರರದು. ಅವರು ಮಾತಾಡುವುದು ಕಡಿಮೆ, ಊಟ ಮಾಡುವುದು ಹದ. ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಸೇರಿ ಐಸಿಗೆ ಗಿರಾಕಿ ಇಲ್ಲದಾಗ ಮಾತ್ರ ಸುಧಾಕರಣ್ಣನಿಗೆ ಪುರುಸೊತ್ತು. ಹಾಗಾಗಿ ಬ್ಯಾಂಡಿನ ಹೆಸರು ‘ಆಫ್ ಸೀಸನ್’. ಅಭ್ಯಾಸ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಲೋಕದವರೆಲ್ಲ ಮಳೆ ಯಾವಾಗ ಬಿಡುತ್ತದೆ ಎಂದು ಆಕಾಶ ನೋಡಿದರೆ ನಾನು ಇನ್ನೂ ಸ್ವಲ್ಪ ಜೋರಾಗಿ ಬರಲಿ, ಡ್ರಮ್ ಕೇಳದ ಹಾಗೆ ಹೆಂಚಿನ ಮೇಲೆ ಬೀಳಲಿ ಎಂದು ಬೇಡಿಕೊಂಡಿದ್ದೇನೆ. ಕೆಲವು ಮಳೆಗಾಲ ಹೀಗೆ ಕಳೆದ ಮೇಲೆ ಒಂದು ಆಲ್ಬಂ ಆಯಿತು. ಅದರ ಹೆಸರು ‘ತುಕ್ಕು’. ಉಪ್ಪುಗಾಳಿಗೆ ಬಸ್ಸಿನ ತಗಡಿನಿಂದ ಹಿಡಿದು ಮನುಷ್ಯನ ಮನಸ್ಸಿನವರೆಗೆ ಎಲ್ಲದಕ್ಕೂ ತುಕ್ಕು ಹಿಡಿಯುತ್ತದೆ ಎನ್ನುವುದು ಅದರ ತಾತ್ಪರ್ಯವಂತೆ. ಹಾಡುಗಳು ಕನ್ನಡದಲ್ಲಿವೆ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಅತ್ತೆ ಪೂರ್ತಿ ಎರಡು ಹಾಡು ಕೇಳಿದ ಮೇಲೆ ಇದು ಯಾವ ಭಾಷೆ ಎಂದು ವಿಚಾರಿಸಿದ್ದರು.

ಆಲ್ಟರ್ನೇಟಿವ್ ರಾಕ್ ಎಂದರೆ ಎಂತ ಎಂದು ಒಮ್ಮೆ ಕೇಳಿದ್ದೆ. “ಎಲ್ಲರೂ ಮಾಡುವ ಹಾಗೆ ಮಾಡದೆ ಇರುವುದು” ಎಂದರು. ಆ ಲೆಕ್ಕದಲ್ಲಿ ನಮ್ಮವರು ಬಚ್ಚಲಿನ ನಲ್ಲಿ ರಿಪೇರಿ ಮಾಡಿದ್ದೂ ಆಲ್ಟರ್ನೇಟಿವ್ ಎಂದೇ ಹೇಳಬೇಕು. ಬಿಸಿನೀರು ಬೇಕಾದರೆ ನಾವು ತಣ್ಣೀರಿನದ್ದನ್ನು ತಿರುಗಿಸುತ್ತೇವೆ.

ಆಲ್ಬಂ ಅಂತರ್ಜಾಲಕ್ಕೆ ಏರಿದ ದಿನ ಇವರು ಅದನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಮುಕ್ಕಾಲು ಗಂಟೆಯ ಆಲ್ಬಂಗೆ ಅರ್ಧ ನಿಮಿಷದಲ್ಲಿ ಹೆಬ್ಬೆರಳುಗಳು, ಚಪ್ಪಾಳೆಗಳು, ಹೂಗುಚ್ಛಗಳು ಬಂದು ಬಿದ್ದವು. ಕುವೈತಿನಲ್ಲಿರುವ ಮೈದುನ “ಭಾರೀ ಕ್ಲಿಯರ್ ಉಂಟು, ಯಾವ ಮೊಬೈಲಿನಲ್ಲಿ ತೆಗೆದದ್ದು?” ಎಂದು ಕೇಳಿದ. ಚರ್ಚಿನ ಫಾದರ್ ಇವರ ಹೆಗಲು ತಟ್ಟಿ “ಯುವಕರು ಹೀಗೆ ಮುಂದೆ ಬರಬೇಕು” ಎಂದರು. ಫಾದರ್ ಇವರಿಗಿಂತ ಚಿಕ್ಕವರು. ಅತ್ತೆ ಮಾತ್ರ ಮನಸ್ಸಿಟ್ಟು ಕೇಳಿ, “ಅಷ್ಟು ಬೊಬ್ಬೆ ಹಾಕಿದರೆ ಗಂಟಲು ನೋವಾಗುವುದಿಲ್ಲವಾ ಮಗಾ?” ಎಂದು ಕರಿಮೆಣಸಿನ ಕಷಾಯ ಮಾಡಿಕೊಟ್ಟರು. ನಮ್ಮ ಊರಿನಲ್ಲಿ ಅಭಿಪ್ರಾಯ ಇರುವುದೇ ಹೀಗೆ. ಮದುವೆ ಊಟ ಹೇಗಿತ್ತು ಎಂದು ಮದುವೆಯ ಮನೆಯವರು ಕೇಳಿದರೆ ಬರುವ ಉತ್ತರ ಬೇರೆ, ಗೇಟು ದಾಟಿದ ಮೇಲೆ ರಿಕ್ಷಾದವನು ಕೇಳಿದರೆ ಬರುವ ಉತ್ತರ ಬೇರೆ. ಎದುರಿಗಿರುವವರ ಮೋರೆ ನೋಡದೆ ಮಾತಾಡುವ ಅಭ್ಯಾಸ ನಮಗೆ ಇಲ್ಲ.

ನಮ್ಮವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಒಂದು ಸಂಜೆ ಗಿಟಾರನ್ನು ಗೋಡೆಗೆ ಒರಗಿಸಿಟ್ಟು, ಯಾವತ್ತೂ ಇಲ್ಲದ ಸಣ್ಣ ಸ್ವರದಲ್ಲಿ ಹೇಳಿದರು, “ಗುರ್ತದವರ ಮಾತು ಸಾಕು. ಗುರ್ತ ಇಲ್ಲದವರು ಎಂತ ಹೇಳ್ತಾರೆ ಅಂತ ಒಮ್ಮೆ ಗೊತ್ತಾಗಬೇಕು. ಅವರಿಗೂ ಹಿಡಿಸದಿದ್ದರೆ ನಿಲ್ಲಿಸುವುದು. ಸುಧಾಕರನಿಗೂ ಹೇಳಿದ್ದೇನೆ.” ನನಗೆ ಒಳಗಿಂದೊಳಗೆ ಎಷ್ಟು ಖುಷಿಯಾಯಿತೆಂದರೆ ಮುಂದಿನ ಕೋಣೆಗೆ ಯಾವ ಬಣ್ಣದ ಪರದೆ ಹಾಕುವುದೆಂದು ಆಗಲೇ ಯೋಚಿಸತೊಡಗಿದೆ. ಅವರ ಮುಖ ನೋಡಿದಾಗ ಮಾತ್ರ ಪರದೆಯ ಆಸೆ ಸ್ವಲ್ಪ ಇಳಿಯಿತು.

ಗುರ್ತ ಇಲ್ಲದವರನ್ನು ಎಲ್ಲಿಂದ ತರುವುದು? ಅದಕ್ಕೆ ಇವರ ಬಳಿ ಉಪಾಯ ತಯಾರಿತ್ತು. ಉಡುಪಿಯಿಂದ ಹಿರಿಯಡ್ಕ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಒಂದು ಬಸ್ಸಿಗೆ ಇವರೇ ಸ್ಪೀಕರ್ ಕೂರಿಸಿದ್ದರು. ಅದರ ಕಂಡಕ್ಟರ್ ಹರೀಶ ಇವರ ಸ್ನೇಹಿತ. ಅವನ ಕೈಗೆ ಪೆನ್‌ಡ್ರೈವ್ ಕೊಟ್ಟು ಉಡುಪಿಯಿಂದ ಕಾರ್ಕಳದವರೆಗೆ ‘ತುಕ್ಕು’ ಹಾಕಿಸುವುದು. ಪ್ರಯಾಣಿಕರ ನಡುವೆ ಯಾರೋ ಒಬ್ಬಳ ಹಾಗೆ ನಾನು ಕುಳಿತು, ಜನ ಏನೇನು ಹೇಳುತ್ತಾರೋ ಕೇಳಿಸಿಕೊಂಡು ಬಂದು ವರದಿ ಒಪ್ಪಿಸುವುದು. “ನೀವೇ ಹೋಗಿ” ಎಂದೆ. “ಬಸ್ಸಿನವರಿಗೆಲ್ಲ ನನ್ನ ಗುರ್ತ ಉಂಟು. ನಿನ್ನನ್ನು ಯಾರೂ ನೋಡುವುದಿಲ್ಲ” ಎಂದರು. ಹೆಂಡತಿಗೆ ಹೇಳಬಹುದಾದ ಮಾತಲ್ಲ. ಆದರೂ ಪರದೆ ನೆನಪಾಗಿ ಒಪ್ಪಿಕೊಂಡೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಉಡುಪಿಗೆ ಹೋಗಿ ಆ ಬಸ್ಸು ಹತ್ತಿದೆ. ಹರೀಶ ನನ್ನನ್ನು ನೋಡಿ, ಗುರ್ತ ಇಲ್ಲದವನ ಹಾಗೆ ಮುಖ ಮಾಡಲು ಹೋಗಿ, ಹಲ್ಲುನೋವು ಬಂದವನ ಹಾಗೆ ಮಾಡಿ ಟಿಕೆಟ್ ಕೊಟ್ಟ. ಬಸ್ಸು ಮಣಿಪಾಲದ ಏರು ಹತ್ತುವಾಗ ಮೊದಲ ಹಾಡು ಶುರುವಾಯಿತು. ನನ್ನ ಮುಂದೆ ಕುಳಿತಿದ್ದ ಹೆಂಗಸು ಕಿಟಕಿಯ ಹೊರಗೆ ತಲೆ ಹಾಕಿ ಚಕ್ರ ನೋಡಿದಳು. ಮಣಿಪಾಲದಲ್ಲಿ ಹತ್ತಿದ ಕಾಲೇಜು ಹುಡುಗಿಯೊಬ್ಬಳು ಕಿವಿಯಿಂದ ಇಯರ್‌ಫೋನ್ ತೆಗೆದು ಸ್ವಲ್ಪ ಹೊತ್ತು ಆಲಿಸಿದಳು. ನಾನು ಮುಂದಕ್ಕೆ ಬಾಗಿ ಅವಳ ಮುಖ ನೋಡಿದೆ. ಅವಳು ಇಯರ್‌ಫೋನನ್ನು ಪುನಃ ಕಿವಿಗೆ ಹಾಕಿಕೊಂಡು ಒಂದು ಬೆರಳಿನಿಂದ ಒತ್ತಿ ಭದ್ರಪಡಿಸಿದಳು. ಇದನ್ನೂ ಒಂದು ಅಭಿಪ್ರಾಯ ಎಂದೇ ನೆನಪಿಟ್ಟುಕೊಂಡೆ.

ಪರ್ಕಳ ದಾಟಿದ ಮೇಲೆ ಜನ ಬಾಯಿ ಬಿಡತೊಡಗಿದರು. “ಎಂತ ಮಾರಾಯ ಹರೀಶ, ಸ್ಪೀಕರ್ ಹೋಗಿದೆಯಾ?” ಎಂದು ಹಿಂದಿನಿಂದ ಒಬ್ಬರು. “ಹೋಗಿದ್ರೆ ಇಷ್ಟು ಕೇಳ್ತಿತ್ತಾ?” ಎಂದು ಇನ್ನೊಬ್ಬರು. “ತುಕ್ಕು ತುಕ್ಕು ಅಂತ ಎಂತದು ಅದು, ಬಸ್ಸಿಗೆ ಹೇಳುವುದಾ?” ಎಂದು ಮುಂದಿನ ಹೆಂಗಸು ಕೇಳಿದಾಗ ಅಕ್ಕಪಕ್ಕದವರು ನಕ್ಕರು. ನಿಜ ಹೇಳಬೇಕೆಂದರೆ ನನಗೂ ನಗು ಬಂತು. ಮನೆಯಲ್ಲಿ ಇಷ್ಟು ಕಾಲ ನಾನು ಹೇಳದೆ ನುಂಗಿಕೊಂಡದ್ದನ್ನೆಲ್ಲ ಜನ ಬಾಯಿತುಂಬ ಹೇಳುತ್ತಿದ್ದರು. ಹಿರಿಯಡ್ಕ ಬರುವಾಗ ಪರದೆ ಹಸಿರು ಬಣ್ಣದ್ದು ಎಂದು ನಿಶ್ಚಯವೂ ಆಗಿತ್ತು.

ಹಿರಿಯಡ್ಕದಲ್ಲಿ ಒಬ್ಬರು ರಿಪೇರಿ ಮಾಡಿಸಿದ ಮಿಕ್ಸಿಯನ್ನು ಎದೆಗೆ ಅವಚಿಕೊಂಡು ಹತ್ತಿ ನನ್ನ ಆಚೆ ಬದಿಯ ಸೀಟಿನಲ್ಲಿ ಕುಳಿತರು. ಐದನೆಯದೋ ಆರನೆಯದೋ ಹಾಡು. ನಮ್ಮವರು ಅದರಲ್ಲಿ ಪದಗಳನ್ನೆಲ್ಲ ಬಿಟ್ಟು ಬರೀ ಸ್ವರ ಎಳೆಯುತ್ತಾರೆ. ಮಿಕ್ಸಿಯವರು ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಿ, ತಲೆ ಅಲ್ಲಾಡಿಸಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು, “ಅಲ್ಲ, ಈ ಮನುಷ್ಯನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವಾ ಎಂತ?”

ನನಗೆ ಏನಾಯಿತೋ ಗೊತ್ತಿಲ್ಲ. ಓಡುವ ಬಸ್ಸಿನಲ್ಲಿ ಎದ್ದು ನಿಂತಿದ್ದೆ. “ಇದ್ದಾರೆ!” ಎಂದೆ. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸಲು ಬಳಸುವ ಸ್ವರ ಅದು, ನಾನು ಬೇಕೆಂದು ತಂದದ್ದಲ್ಲ. “ಹೇಳುವವರೂ ಇದ್ದಾರೆ, ಕೇಳುವವರೂ ಇದ್ದಾರೆ. ದಿನಾ ಕೇಳ್ತಾರೆ. ನಿಮಗೆ ಬೇಡದಿದ್ದರೆ ಕಿವಿ ಮುಚ್ಚಿ ಕೂತ್ಕೊಳ್ಳಿ. ದಿನವಿಡೀ ಬಸ್ಸಿನ ಅಡಿಯಲ್ಲಿ ಮಲಗಿ ವಯರು ಕಟ್ಟಿ ಬಂದು, ಮತ್ತೆ ಕೂತು ಮಾಡಿದ ಹಾಡು ಅದು. ನಿಮ್ಮ ಮಿಕ್ಸಿಯ ಹಾಗೆ ಒಂದು ಗುಂಡಿ ಒತ್ತಿದರೆ ಬರುವುದಲ್ಲ!” ಮಿಕ್ಸಿಯವರು ಮಿಕ್ಸಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. “ಅದಲ್ಲ ಮೇಡಂ, ನಾನು ಸುಮ್ಮನೆ… ನಿಮಗೆ ಗುರ್ತ ಉಂಟಾ ಹಾಡಿದವರದ್ದು?” ಎಂದರು. “ನನ್ನ ಗಂಡ” ಎಂದೆ. ಹರೀಶ ವಿಸಿಲ್ ಬಾಯಲ್ಲಿ ಇಟ್ಟುಕೊಂಡು ಊದುವುದನ್ನೇ ಮರೆತ. ಇಳಿಯಬೇಕಾದ ಯಾರೋ “ಹೋಲ್ಡಾನ್, ಹೋಲ್ಡಾನ್” ಎಂದು ತಾವೇ ಕೂಗಿಕೊಂಡು ಇಳಿದುಹೋದರು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಮೊದಲು ಮಿಕ್ಸಿಯವರೇ ಶುರು ಮಾಡಿದರು. “ಹೌದಾ? ಮೊದಲೇ ಹೇಳಬೇಕಿತ್ತಲ್ಲ. ಸ್ವರ ಲಾಯ್ಕ್ ಉಂಟು ಅವರದ್ದು, ಒಳ್ಳೆ ಗಟ್ಟಿ ಸ್ವರ.” ಮುಂದಿನ ಹೆಂಗಸು ತಿರುಗಿ, “ನಾನು ಆಗಳೇ ಹೇಳಿದೆ ಅಲ್ವಾ, ತುಕ್ಕು ಅಂತ ಹೇಳುವಾಗ ಭಾರೀ ಸ್ಪಷ್ಟ ಕೇಳ್ತದೆ ಅಂತ” ಎಂದಳು. ಹಿಂದಿನಿಂದ “ಸ್ಪೀಕರಿನದ್ದು ಎಂತ ತೊಂದರೆ ಇಲ್ಲ, ನನ್ನ ಕಿವಿಯದ್ದೇ ಇರಬೇಕು” ಎಂಬ ಮಾತು ಬಂತು. “ಹರೀಶ, ಸ್ವಲ್ಪ ದೊಡ್ಡ ಮಾಡು ಮಾರಾಯ, ಅಕ್ಕನಿಗೆ ಕೇಳಲಿ” ಎಂದು ಬೇರೊಬ್ಬರು ಹೇಳಿದರು, ಅವನು ಮಾಡಿಯೇಬಿಟ್ಟ. ಬೈಲೂರಿನಿಂದ ಕಾರ್ಕಳದವರೆಗೆ ಬಸ್ಸಿಗೆ ಬಸ್ಸೇ ತಲೆದೂಗುತ್ತ ಬಂತು. ಗುರ್ತ ಇಲ್ಲದವರು ಎಂದು ಇದ್ದದ್ದು ಅಷ್ಟೇ ಜನ, ಅವರನ್ನೂ ನಾನು ಗುರ್ತದವರನ್ನಾಗಿ ಮಾಡಿಬಿಟ್ಟೆ. ಒಬ್ಬರಿಗೂ ಸ್ವಂತ ಅಭಿಪ್ರಾಯ ಉಳಿಯಲಿಲ್ಲ. ಅವರ ಮೇಲೆ ಕೋಪ ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಕಾರ್ಕಳದಲ್ಲಿ ಇಳಿಯುವಾಗ ಮಿಕ್ಸಿಯವರು “ನಮ್ಮ ಮನೆಯಲ್ಲಿ ಮಗಳ ಕಾರ್ಯಕ್ರಮ ಉಂಟು ಮುಂದಿನ ತಿಂಗಳು, ಬಂದು ಹಾಡ್ತಾರಾ ಅಂತ ಅವರನ್ನು ಕೇಳಿ ನೋಡಿ” ಎಂದು ಹೇಳಿ, ನಾನು ಎಲ್ಲಿ ಒಪ್ಪಿಬಿಡುತ್ತೇನೋ ಎಂದು ಹೆದರಿ ವೇಗವಾಗಿ ನಡೆದುಹೋದರು.

ಹಿಂದಿರುಗುವ ದಾರಿಯಲ್ಲಿ ವರದಿಯನ್ನು ಹೇಗೆ ಒಪ್ಪಿಸುವುದೆಂದು ಯೋಚಿಸುತ್ತ ಬಂದೆ. ಎಲ್ಲರೂ ಲಾಯ್ಕ್ ಉಂಟು ಅಂದರು ಎಂದರೆ ಅದು ಸುಳ್ಳಾಗುವುದಿಲ್ಲ. ಆದರೆ ಬಾಯಲ್ಲಿ ಹೇಳಿ ನೋಡಿದರೆ ಸುಳ್ಳಿನ ಹಾಗೆಯೇ ಕೇಳುತ್ತಿತ್ತು. ಹಿಡಿಸಲಿಲ್ಲ ಎಂದರೆ ಬ್ಯಾಂಡ್ ನಿಲ್ಲುತ್ತದೆ, ನನ್ನ ಕೋಣೆ ನನಗೆ ಸಿಗುತ್ತದೆ. ಅದನ್ನು ಹೇಳಲು ನಾಲಗೆ ಏಳಲಿಲ್ಲ. ಕಾಪುವಿನಲ್ಲಿ ಇಳಿಯುವಾಗಲೂ ಯಾವುದೂ ತೀರ್ಮಾನವಾಗಿರಲಿಲ್ಲ.

ಮನೆಗೆ ಬಂದರೆ ನಮ್ಮವರು ಚಹಾ ಮಾಡಿ ಮುಚ್ಚಿಟ್ಟಿದ್ದರು. ಸಕ್ಕರೆ ಜಾಸ್ತಿಯಾಗಿತ್ತು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ಹೇಳಿದರು, “ಹರೀಶ ಫೋನ್ ಮಾಡಿದ್ದ.” ನಾನು ಲೋಟದಿಂದ ತಲೆ ಎತ್ತಲಿಲ್ಲ. “ಯಾರಿಗೂ ಹಿಡಿಸಲಿಲ್ಲವಂತೆ. ತಲೆನೋವು ಬಂತಂತೆ.” ಅವರ ಸ್ವರದಲ್ಲಿ ನಾನು ಎಣಿಸಿದಷ್ಟು ಬೇಸರ ಇರಲಿಲ್ಲ. “ಹಾಗಾದರೆ ನಿಲ್ಲಿಸುವುದಾ?” ಎಂದು ಕೇಳಿದೆ. “ಯಾಕೆ? ಒಬ್ಬರಿಗೆ ಹಿಡಿಸಿದೆಯಲ್ಲ. ಬಸ್ಸಿನಲ್ಲಿ ಎದ್ದು ನಿಂತು ಜಗಳ ಮಾಡುವಷ್ಟು ಹಿಡಿಸಿದೆ. ಸುಧಾಕರನಿಗೆ ಫೋನಿನಲ್ಲಿ ಹೇಳಿದೆ, ಅವನು ಎರಡು ಸಲ ಹೇಳಿಸಿ ಕೇಳಿದ” ಎಂದರು.

ಜಗಳ ಮಾಡಿದ್ದು ಹಾಡಿಗಾಗಿ ಅಲ್ಲ ಮಾರಾಯ್ರೆ, ನಿಮಗಾಗಿ ಎಂದು ಹೇಳಬೇಕು ಅನಿಸಿತು. ಎರಡೂ ಬೇರೆ ಬೇರೆ ಎಂದು ಒಮ್ಮೆ ಸರಿಯಾಗಿ ವಿವರಿಸಬೇಕು ಅನಿಸಿತು. ಕಲಿಸುವ ಕೆಲಸ ಮಾಡುವವಳು ನಾನು. ಅಷ್ಟರಲ್ಲಿ ಅವರು ಎದುರಿನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತು, “ನಿಜ ಹೇಳು, ನಿನಗೆ ಹಿಡಿಸಿತಾ?” ಎಂದು ಕೇಳಿದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಮನುಷ್ಯ ಯಾವುದಕ್ಕೂ ಅಷ್ಟು ಹೆದರಿಕೊಂಡು ನನ್ನ ಮುಖ ನೋಡಿದ್ದು ನನಗೆ ನೆನಪಿಲ್ಲ.

“ಲಾಯ್ಕ್ ಉಂಟು” ಎಂದೆ. ಮಿಕ್ಸಿಯವರ ಹಾಗೆಯೇ ಎಂದೆ.

ಈಗ ಎರಡನೆಯ ಆಲ್ಬಂ ನಡೆಯುತ್ತಿದೆ. ಇನ್ನು ಹೊರಗಿನವರನ್ನು ಕೇಳುವುದಿಲ್ಲವಂತೆ. ಪ್ರತಿಯೊಂದು ಹಾಡನ್ನೂ ಮೊದಲು ನನಗೆ ಕೇಳಿಸುವುದು, ನಾನು ಬೇಡ ಎಂದರೆ ಮರುಮಾತಿಲ್ಲದೆ ತೆಗೆದುಹಾಕುವುದು ಎಂದು ಮೂವರೂ ಸೇರಿ ಒಪ್ಪಿಕೊಂಡಿದ್ದಾರೆ. ಹಾಡು ಮುಗಿದ ಕೂಡಲೇ ಮೂವರೂ ಕೈಕಟ್ಟಿ ನನ್ನನ್ನೇ ನೋಡುತ್ತ ನಿಲ್ಲುತ್ತಾರೆ. ಇವತ್ತಿನವರೆಗೆ ಒಂದು ಹಾಡನ್ನೂ ತೆಗೆಸಲು ನನ್ನಿಂದ ಆಗಿಲ್ಲ.