ಪುಂಡಿಪಲ್ಯದ ಮೊದಲ ಲೇಖಕಿ

ನಮ್ಮ ಕಾಕಾ ದೊಡ್ಡ ಸಂಶೋಧಕರು. ಇದನ್ನು ನಂಬುವವರು ಇಡೀ ಪುಣೆಯಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ.

ವಯಸ್ಸು ಎಪ್ಪತ್ತಾರು. ವಾಸ ನಿಗಡಿ. ವಿದ್ಯಾರ್ಹತೆ, ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಮೂವತ್ತೆಂಟು ವರ್ಷ ಬಂದ ಪತ್ರ, ಹೋದ ಪತ್ರಗಳನ್ನು ರಿಜಿಸ್ಟರಿನಲ್ಲಿ ಏರಿಸಿದ್ದು. ನಿವೃತ್ತರಾದ ಮೇಲೆ ಅವರ ಓರಗೆಯವರೆಲ್ಲ ಬೆಳಿಗ್ಗೆ ಉದ್ಯಾನದಲ್ಲಿ ಚಪ್ಪಾಳೆ ತಟ್ಟಿ ನಗುವ ಸಂಘ ಸೇರಿದರು. ಕಾಕಾ ವಿಚಾರ ಸಂಕಿರಣ ಸೇರಿದರು. ಬೇರೆಯವರ ಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿಗೂ ಗ್ಯಾಸ್ ಸಿಲಿಂಡರಿಗೂ ಗುರುತಿದ್ದರೆ, ಕಾಕಾ ಮನೆಯದರಲ್ಲಿ ಕೆಂಪು ಶಾಯಿಯ ಟಿಪ್ಪಣಿಗಳಿವೆ: ‘ಸಂಸ್ಕೃತಿ ಮತ್ತು ವೃದ್ಧಾಪ್ಯ, ಎರಡು ದಿನ.’ ‘ಆಹಾರ ಪರಂಪರೆ, ಅಂತರ್‌ಶಿಸ್ತೀಯ, ಊಟ ಉಂಟು.’

“ಅಂತರ್‌ಶಿಸ್ತೀಯ ಅಂದ್ರೇನ್ರಿ ಕಾಕಾ?” ಎಂದು ನಾನೊಮ್ಮೆ ಕೇಳಿದ್ದೆ.

“ನೀ ಯಾಕ ಬಂದಿ ಅಂತ ಯಾರೂ ಯಾರನ್ನೂ ಕೇಳೂಹಂಗಿಲ್ಲ. ಅದಕ್ಕ ಹಂಗಂತಾರ,” ಎಂದರು. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಇಂದಿಗೂ ಕೇಳಿಲ್ಲ.

ಆದರೂ ಕೇಳಿದರು! ಕಾಕಾ ಹೋದ ಮೊದಲ ಸಂಕಿರಣ ವೃದ್ಧಾಪ್ಯದ್ದು. ನೋಂದಣಿಯ ಮೇಜಿನಲ್ಲಿದ್ದ ಹುಡುಗಿ ಅವರ ಕರಿ ಟೊಪ್ಪಿಗೆಯನ್ನೂ ಕೈಯ ಕೋಲನ್ನೂ ನೋಡಿ, ಬಹಳ ಮರ್ಯಾದೆಯಿಂದ, “ಆಜೋಬಾ, ಬಿ.ಪಿ. ತಪಾಸಣೀ ತಿಕಡೇ ಆಹೇ,” ಎಂದು ಪಕ್ಕದ ಕೋಣೆ ತೋರಿಸಿದಳು. ಆ ದಿನ ಅಲ್ಲಿ ಹಿರಿಯರಿಗೆ ಉಚಿತ ತಪಾಸಣೆಯೂ ಇತ್ತು. ಉಚಿತವಾದದ್ದನ್ನು ಬಿಡುವುದು ಕಾಕಾರ ಶಿಸ್ತಿಗೆ ವಿರುದ್ಧ. ಹೋದರು, ನೋಡಿಸಿಕೊಂಡರು, ಚೀಟಿ ಹಿಡಿದು ಮರಳಿ ಅದೇ ಮೇಜಿಗೆ ಬಂದರು. “ನೂರಾ ಮೂವತ್ತು, ಎಂಬತ್ತು. ಈಗಾದರೂ ಒಳಗೆ ಬಿಡ್ತೀಯೇನಮ್ಮಾ?” ಎಂದು ಶುದ್ಧ ಮರಾಠಿಯಲ್ಲಿ ಕೇಳಿದರು.

ಒಳಗೆ ವೇದಿಕೆಯ ಮೇಲೆ ವೃದ್ಧಾಪ್ಯದ ಮೂವರು ತಜ್ಞರಿದ್ದರು. ಮೂವರ ತಲೆಯಲ್ಲಿಯೂ ಒಂದೂ ಬಿಳಿ ಕೂದಲಿರಲಿಲ್ಲ. ವಯಸ್ಸಾದವರಿಗೆ ನಿದ್ದೆ ಕಡಿಮೆ ಎಂಬ ಚಿತ್ರಪಟ ತೆರೆಯ ಮೇಲಿದ್ದಷ್ಟು ಹೊತ್ತೂ ಕಾಕಾ ಗಾಢ ನಿದ್ದೆಯಲ್ಲಿದ್ದರು. ಪ್ರಶ್ನೋತ್ತರದ ಹೊತ್ತಿಗೆ ಸರಿಯಾಗಿ ಎದ್ದರು.

“ನೀವು ಹೇಳಿದ್ದೆಲ್ಲ ಬರೋಬರಿ. ಆದರೆ ಇದನ್ನೆಲ್ಲ ಯಾರನ್ನು ಕೇಳಿ ಬರೆದಿರಿ?”

“ಡೇಟಾ ಇದೆ ಸರ್.”

“ಡೇಟಾದ ವಯಸ್ಸೆಷ್ಟು?”

ಆಹಾರ ಪರಂಪರೆಯ ಸಂಕಿರಣದಲ್ಲಿ ಇನ್ನೊಂದು ಬಗೆ. ಬೆಳಗಿನಿಂದ ಒಂದು ಗಂಟೆಯವರೆಗೆ ನವಣೆ, ಸಾವೆ, ಸಜ್ಜೆಗಳು ಕಣ್ಮರೆಯಾದ ಬಗ್ಗೆ ಎಲ್ಲರೂ ಕಣ್ಣೀರಿಡುವುದೊಂದು ಬಾಕಿ. ಒಂದು ಗಂಟೆಗೆ ಗೋಬಿ ಮಂಚೂರಿ ಮತ್ತು ಫ್ರೈಡ್ ರೈಸ್! ಕಾಕಾ ಎರಡು ಸಲ ಹಾಕಿಸಿಕೊಂಡು ಉಂಡರು. ಆಮೇಲೆ ಅಭಿಪ್ರಾಯದ ಫಾರಂ ತುಂಬಿದರು: ‘ಪರಂಪರೆ ಎಲ್ಲಿ ಹೋಯಿತೆಂದು ಮುಂಜಾನೆಯಿಂದ ಹುಡುಕುತ್ತಿದ್ದೀರಿ. ದಯವಿಟ್ಟು ಊಟದ ಗುತ್ತಿಗೆದಾರರನ್ನು ವಿಚಾರಿಸತಕ್ಕದ್ದು.’

ಕೂತು ಕೇಳುವುದು ಸಾಕೆನಿಸಿದಾಗ, ತಾವೇ ಒಂದು ಪ್ರಬಂಧ ಮಂಡಿಸಬೇಕೆಂದು ಕಾಕಾ ನಿಶ್ಚಯಿಸಿದರು. ವಿಷಯ ಪುಂಡಿಪಲ್ಯ. ಪುಣೆಯ ಮಂಡಿಯಲ್ಲಿ ಅಂಬಾಡಿ ಎಂದರೆ ಸಿಗುವ ಹುಳಿ ಸೊಪ್ಪು; ಅದಕ್ಕೆ ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ, ಮೇಲೊಂದು ಬೆಳ್ಳುಳ್ಳಿ ಒಗ್ಗರಣೆ. ಕಾಕು, ಅಂದರೆ ಕಾಕಾರ ಹೆಂಡತಿ, ಇದನ್ನು ಮಾಡಿದ ದಿನ ಮೂರನೆಯ ಮಾಳಿಗೆಯವರೂ ರೊಟ್ಟಿ ಇಸಿದುಕೊಳ್ಳುವ ನೆಪದಲ್ಲಿ ಕೆಳಗಿಳಿಯುತ್ತಾರೆ.

ಮೂರು ವರ್ಷ, ನಾಲ್ಕು ಸಂಕಿರಣ, ನಾಲ್ಕು ತಿರಸ್ಕಾರ. ಮುಂದಿನ ತಿಂಗಳಿನದು ಐದನೆಯದು. “ಈ ಸಲ ಆಗಲಿಲ್ಲಂದ್ರ ಮುಗೀತು ನೋಡು. ‘ಮುಂದಿನ ವರ್ಷ’ ಅನ್ನೂದು ನಮ್ಮ ವಯಸ್ಸಿನಾಗ ಸಿಕ್ಕಾ ಇಲ್ಲದ ಪತ್ರ,” ಎಂದರು ಕಾಕಾ.

ಸಂಘಟಕರು ಮೊದಲು ಸಾರಲೇಖ, ಅಂದರೆ ಪ್ರಬಂಧದ ಸಾರಾಂಶ, ಬೇಡಿದ್ದರು. ಕಾಕಾಗೆ ಗೊತ್ತಿದ್ದ ಸಾರಲೇಖ ಒಂದೇ ಬಗೆಯದು. ಅವರ ಇಂಗ್ಲಿಷನ್ನು ಕನ್ನಡಕ್ಕಿಳಿಸಿದರೆ ಹೀಗಿತ್ತು: ‘ವಿಷಯ: ಪುಂಡಿಪಲ್ಯವನ್ನು ಪರಂಪರೆ ಎಂದು ಪರಿಗಣಿಸುವ ಕುರಿತು. ಉಲ್ಲೇಖ: ತಮ್ಮ ಪ್ರಕಟಣೆ. ಮಾನ್ಯರೇ, ಸದರಿ ಪಲ್ಯವನ್ನು ಈ ಮನೆಯಲ್ಲಿ ಐವತ್ತೆರಡು ವರ್ಷಗಳಿಂದ ಯಾವುದೇ ತಕರಾರಿಲ್ಲದೆ ಮಾಡಲಾಗುತ್ತಿದೆ. ಲಗತ್ತು: ಡಬ್ಬಿ ಒಂದು.’ ಇ-ಮೇಲಿನಲ್ಲಿ ಡಬ್ಬಿ ಹೋಗುವುದಿಲ್ಲವಾದ್ದರಿಂದ ನನ್ನ ಸ್ಕೂಟರಿನ ಹಿಂದೆ ಕೂತು ಖುದ್ದಾಗಿ ಒಯ್ದರು. ಡಬ್ಬಿ ಮುಟ್ಟಿದ್ದಕ್ಕೆ ಸಹಿ ಪಡೆದೇ ಮರಳಿದರು.

ಎಂಟು ದಿನಕ್ಕೆ ಪರಿಶೀಲಕರ ಉತ್ತರ ಬಂತು. ಪಲ್ಯ ಚೆನ್ನಾಗಿತ್ತೆಂದು ಬರೆದಿರಲಿಲ್ಲ; ಪ್ರಮಾಣಗಳೆಲ್ಲಿ ಎಂದು ಕೇಳಿದ್ದರು. ಕಾಕಾ ರಿಜಿಸ್ಟರು ಹಿಡಿದು ಅಡಿಗೆಮನೆಗೆ ನುಗ್ಗಿದರು. ಈ ಪ್ರವೇಶಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ.

“ಉಪ್ಪ ಎಷ್ಟ ಹಾಕ್ತಿ?”

“ಬೇಕಾದಷ್ಟು.”

“ಬೇಕಾದಷ್ಟು ಅಂದ್ರ?”

“ಹೆಚ್ಚಾಗಬಾರದು, ಅಷ್ಟ.”

“ನುಚ್ಚು ಎಷ್ಟೊತ್ತು ಕುದೀಬೇಕು?”

“ಕುದಿಯೂತನಕ. ಅಲ್ರೀ, ಇಷ್ಟ ವರ್ಷ ಉಂಡ್ರಿ, ಒಂದ ದಿನಾರ ಕೇಳಿದ್ರೇನು? ಈಗ ಪೆನ್ನ ಹಿಡ್ಕೊಂಡ ಬಂದೀರಿ. ಸರೀರಿ ಅತ್ತಾಗ, ಒಗ್ಗರಣಿ ಸಿಡೀತದ!”

ಕಾಕಾ ಬರೆದುಕೊಂಡರು: ‘ಮಾಹಿತಿದಾರರು ಸಹಕರಿಸಲಿಲ್ಲ.’ ಕೊನೆಗೆ ನಾನೇ ಒಂದು ತಕ್ಕಡಿ ತಂದು, ಕಾಕುವಿನ ಮುಷ್ಟಿಯಿಂದ ಬಿದ್ದದ್ದನ್ನೆಲ್ಲ ತೂಗಿಕೊಟ್ಟೆ. ಸಂಶೋಧನೆಗೆ ನನ್ನ ಕಾಣಿಕೆ ಅಷ್ಟೇ.

ಇನ್ನು ಲೇಖಕರ ಹೆಸರು. ಕಾಕಾ ತಮ್ಮ ಹೆಸರನ್ನು ಎರಡನೆಯದಾಗಿ ಹಾಕಿದ್ದರು. ಮೊದಲ ಲೇಖಕಿ ಕಾಕು; ಸಂಸ್ಥೆ, ‘ಅಡಿಗೆಮನೆ, ನಿಗಡಿ’. ಸಂಸ್ಥೆಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಹೆಸರಿನ ಬಗ್ಗೆ ಎತ್ತಿದರು. ಮೊದಲ ಲೇಖಕಿಯ ಹೆಸರು ಗುರುತಿನ ಚೀಟಿಯೊಂದಿಗೆ ತಾಳೆಯಾಗುತ್ತಿಲ್ಲ, ಸರಿಪಡಿಸದಿದ್ದರೆ ಪ್ರಬಂಧ ಕೈಬಿಡಲಾಗುವುದು ಎಂದರು. ಚೀಟಿಯಲ್ಲಿ ಸುಮಿತ್ರಾ. ಕಾಕಾ ಬರೆದದ್ದು ಯಮುನಾ.

“ಕಾಕಾ, ಚೀಟ್ಯಾಗಿನ ಹೆಸರ ಹಾಕಿ ಮುಗಸ್ರಿ. ಒಂದು ಹೆಸರಿನ ಸಲುವಾಗಿ ಇದೂ ಕೈಬಿಟ್ಟು ಹೋಗ್ತದ,” ಎಂದೆ.

ನಮ್ಮ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ವರನಿಂದ ಉಂಗುರದಲ್ಲಿ ವಧುವಿಗೊಂದು ಹೊಸ ಹೆಸರು ಬರೆಸುತ್ತಾರೆ. ಆ ಹೊತ್ತಿನಿಂದ ಹುಟ್ಟಿದ ಹೆಸರು ರದ್ದು. ಕಾಕು ಸುಮಿತ್ರಾ ಆದದ್ದು ಹಾಗೆ. ಅದಕ್ಕೆ ಮೊದಲು ಅವರಿಗೊಂದು ಹೆಸರಿತ್ತೆಂಬುದೇ ನನಗೆ ಹೊಳೆದಿರಲಿಲ್ಲ. ಅವರು ಕಾಕು ಆಗಿಯೇ ಹುಟ್ಟಿದ್ದರೆಂದು ನನ್ನ ನಂಬಿಕೆ!

“ಆ ಹೆಸರ ನಾ ಆರಿಸಿದ್ದಲ್ಲ,” ಎಂದರು ಕಾಕಾ. “ನಮ್ಮ ಸೋದರತ್ತಿ ಹೇಳಿದ್ಲು, ನಾ ಬರದೆ. ನನ್ನ ಕಾರಕೂನಕಿ ಅವತ್ತ ಸುರು ಆತು. ಈ ಪಲ್ಯಾ ಆಕಿ ತವರುಮನ್ಯಾಗ ಕಲತದ್ದು. ಕಲಿಯೂಮುಂದ ಆಕಿ ಹೆಸರ ನಾ ಈಗ ಬರದದ್ದು. ಪರಂಪರಾ ಅಂದಮ್ಯಾಲೆ ಮೂಲ ದಾಖಲೆ ಖರೇ ಇರಬೇಕೋ ಬ್ಯಾಡೋ? ಆದ್ರ ಹುಟ್ಟಿದ ಹೆಸರ್ಲೆ ಆಗಲಿ, ಇಲ್ಲಾ ಆಗೂದ ಬ್ಯಾಡ.”

ವಾದದಲ್ಲಿ ಹುರುಳಿತ್ತು. ಪುರಾವೆ ಎಲ್ಲಿದೆ? ಕಾಕಾ ಕಪಾಟಿನಿಂದ ಒಂದು ಫೈಲು ತೆಗೆದರು. ಅದರಲ್ಲಿ ಕಾಕು ಏಳನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟಾಗಿನ ದಾಖಲೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಮಡಿಕೆ ಮುರಿಯದೆ ಕೂತಿತ್ತು. ಅದರ ದೃಢೀಕೃತ ನಕಲು ಹೋಯಿತು. ಹಿಂದೆಯೇ ಒಂದನೆಯ ಜ್ಞಾಪನ ಹೋಯಿತು. ಎರಡನೆಯ ಜ್ಞಾಪನ ಹೋಯಿತು. ‘ಅಂತಿಮ ಜ್ಞಾಪನ’ ಎಂಬುದರ ಧಾಟಿ ನೋಡಿ, ಸಂಘಟಕರು ಇಡೀ ಸಂಕಿರಣವನ್ನೇ ರದ್ದು ಮಾಡಿಯಾರೆಂದು ನಾನು ಹೆದರಿದೆ. ಮೂರನೆಯ ದಿನ ಒಪ್ಪಿಗೆ ಬಂತು. ಮಂಡನೆಗೆ ಹತ್ತು ನಿಮಿಷ. ಹೆಸರು, ಬರೆದ ಹಾಗೆಯೇ.

ಕಾಕುಗೆ ಇದಾವುದೂ ಗೊತ್ತಿಲ್ಲ. ತಮ್ಮ ಪಲ್ಯದ ಮೇಲೆ ಗಂಡ ಏನೋ ಅರ್ಜಿ ಹಾಕಿಕೊಂಡಿದ್ದಾರೆ ಎಂದಷ್ಟೇ ಅವರ ತಿಳಿವಳಿಕೆ.

ಹೋದ ಭಾನುವಾರ ಮುಂಜಾನೆ ಕಾಕಾ ತಾಲೀಮಿಗೆ ನಿಂತರು. ಕೋಟು, ಟೊಪ್ಪಿಗೆ, ಕೈಯಲ್ಲಿ ಕಾಗದ. ಗಡಿಯಾರ ಹಿಡಿದ ಸಭಾಧ್ಯಕ್ಷ ನಾನು. ಒಳಗೆ ಕಾಕು ರೊಟ್ಟಿ ಬಡಿಯುತ್ತಿದ್ದರು. ಕಾಕಾ ಶೀರ್ಷಿಕೆಯನ್ನು ಗಂಭೀರವಾಗಿ ಓದಿದರು. ಮುಂದಿನ ಸಾಲು ಲೇಖಕರದು. ಅಲ್ಲಿ ನಿಂತರು. ಐವತ್ತೆರಡು ವರ್ಷ “ಏ, ಇಲ್ಲಿ ಕೇಳು” ಎಂಬುದರಲ್ಲೇ ಸಂಸಾರ ನಡೆಸಿದ ಮನುಷ್ಯ. ಹೆಂಡತಿಯ ಯಾವ ಹೆಸರನ್ನೂ ಬಾಯಿಬಿಟ್ಟು ಹೇಳಿದವರಲ್ಲ.

“ಓದ್ರಿ ಕಾಕಾ, ಟೈಮ್ ಹೊಂಟದ,” ಎಂದೆ.

ಕಾಕಾ ಗಂಟಲು ಸರಿಪಡಿಸಿಕೊಂಡರು. ಕಾಗದವನ್ನು ಕಣ್ಣಿನ ಹತ್ತಿರ ತಂದರು.

“ಯಮುನಾ,” ಎಂದರು.

ಒಳಗೆ ರೊಟ್ಟಿಯ ಸಪ್ಪಳ ಫಕ್ಕನೆ ನಿಂತಿತು.

“ಓ!” ಎಂದು ದನಿ ಬಂತು. ಕಾಕುವಿನದೇ ದನಿ, ಆದರೆ ನಾನು ಎಂದೂ ಕೇಳಿರದ್ದು. ಅಂಗಳದಲ್ಲಿ ಕುಂಟಾಟ ಆಡುತ್ತಿದ್ದ ಹುಡುಗಿಯನ್ನು ಒಳಗಿನಿಂದ ಯಾರೋ ಕೂಗಿದ ಹಾಗೆ.

ಆಮೇಲೆ ಕಾಕು ಬಾಗಿಲಿಗೆ ಬಂದರು. ಎರಡೂ ಕೈಗೆ ಹಿಟ್ಟು. ನನ್ನನ್ನು ನೋಡಿದರು, ಹೊರಬಾಗಿಲು ನೋಡಿದರು.

“ಯಾರ್ರೀ ಕರದದ್ದು?”

ಕಾಕಾ ಕಾಗದವನ್ನು ಕೆಳಗಿಳಿಸಿದರು.

“ನಾನ,” ಎಂದರು.